ದೊರೆಯ ಕಾಲಡಿಯ ನೆಲ

ಮರಳನ್ನು ರವೆಯ ಜರಡಿಯಲ್ಲಿ ಜಾಲಿಸಿದ ಗೃಹಿಣಿ ಹಲಸೂರಿನಲ್ಲಿ ನಾನೊಬ್ಬಳೇ ಇರಬೇಕು. ಕಾರಣ, ನಮ್ಮ ಮನೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಗಡ್ಡದ ಓತಿಕ್ಯಾತ. ವಿಮಾನಪುರದಿಂದ ವರ್ಗವಾಗಿ ಹೋದ ಗೆಳೆಯರೊಬ್ಬರು ನಮ್ಮ ಯಜಮಾನರ ಕೈಗೆ ಒಪ್ಪಿಸಿದ್ದು. ಇಂಗ್ಲಿಷಿನಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಭಾರೀ ಹೆಸರು. ನೋಡಿದರೆ ಗೇಣುದ್ದದ ಮರಿ. ಸಿಟ್ಟು ಬಂದಾಗ ಗಂಟಲು ಉಬ್ಬಿಸಿ ಗಡ್ಡ ಕಪ್ಪಗೆ ಮಾಡಿಕೊಳ್ಳುವ ಗತ್ತು ಕಂಡು ಮಗಳು ಶಾಲಿನಿ ‘ದೊರೆ’ ಎಂದು ಕರೆದಳು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರೆ. ಬೇಲಿಯೇ ಇಲ್ಲದ ನಮ್ಮ ಮನೆಯಲ್ಲಿ ಆ ಹುದ್ದೆ ನನಗೆ ಬಂತು.

ಕಾನ್ವೆಂಟಿನಲ್ಲಿ ‘ಹೊಂದಿಸಿ ಬರೆಯಿರಿ’ ಪ್ರಶ್ನೆಯಲ್ಲಿ ನನ್ನದು ಎತ್ತಿದ ಕೈ. ಹಿಮಕರಡಿಗೆ ಮಂಜು, ಒಂಟೆಗೆ ಮರಳು ಎಂದು ಸ್ಕೇಲಿಟ್ಟು ಗೆರೆ ಎಳೆದವಳು. ದೊರೆಯ ಪೂರ್ವಜರು ಆಸ್ಟ್ರೇಲಿಯಾದ ಒಣನೆಲದವರೆಂದು ತಿಳಿದದ್ದೇ ತಡ, ಕೈ ತಾನಾಗಿ ಗೆರೆ ಎಳೆದುಬಿಟ್ಟಿತು. ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದವರನ್ನು ಕೇಳಿ ಮರಳು ತಂದು, ತೊಳೆದು, ತಾರಸಿಯಲ್ಲಿ ಸಂಡಿಗೆಯ ಹಾಗೆ ಒಣಗಿಸಿ, ನುಣ್ಣಗೆ ಜರಡಿ ಹಿಡಿದು ಹಾಸಿದೆ.

ದೊರೆಗೋ ಕಂಡದ್ದನ್ನೆಲ್ಲ ನೆಕ್ಕಿ ನೋಡುವ ಚಟ. ಹುಳುವಿನ ಜೊತೆ, ಸೊಪ್ಪಿನ ಜೊತೆ ಮರಳೂ ಒಳಗೆ ಹೋಯಿತು. ಕೆಲವೇ ದಿನಗಳಲ್ಲಿ ಊಟ ಬಿಟ್ಟ. ಹೊಟ್ಟೆ ಗಟ್ಟಿಯಾಯಿತು, ಹಿಂಗಾಲು ಎಳೆಯತೊಡಗಿದ. ಶಾಲಿನಿ ಪೆಟ್ಟಿಗೆಯ ಪಕ್ಕದಿಂದ ಏಳಲೊಲ್ಲಳು.

“ಮರಳು ಕಟ್ಕೊಂಡಿದೆ ಮೇಡಂ,” ಎಂದರು ಪ್ರಾಣಿವೈದ್ಯರು. “ಬೆಚ್ಚಗಿನ ನೀರಲ್ಲಿ ಕೂರ್ಸಿ ಹೊಟ್ಟೆ ಮೆತ್ತಗೆ ಸವರಿ. ಹೋಗ್ಲಿಲ್ಲ ಅಂದ್ರೆ ಉಳಿಯೋದು ಕಷ್ಟ.”

ಕೂಸಾಗಿದ್ದಾಗ ಶಾಲಿನಿಗೆ ನೀರೆರೆದಿದ್ದ ಬೇಸಿನ್ನು ಅಟ್ಟದಿಂದ ಇಳಿಯಿತು. ಮೊಣಕೈ ಅದ್ದಿ ಬಿಸಿ ನೋಡಿ, ಅವನ ಗದ್ದಕ್ಕೆ ಬೆರಳು ಆನಿಸಿ ಕೂರಿಸುತ್ತಿದ್ದೆ. ದಿನಾ ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ನೆರೆಮನೆಯ ನಸ್ರೀನ್ ಆಪಾ ಇಣುಕುತ್ತಿದ್ದರು.

“ಕ್ಯಾ ಜೀ, ಬಚ್ಚೇಕಾ ಪೇಟ್ ಸಾಫ್ ಆಯ್ತಾ?”

“ಇನ್ನೂ ಇಲ್ಲ ಆಪಾ, ಹೊಟ್ಟೆ ಗಟ್ಟಿಯಾಗೇ ಇದೆ.”

“ಆಗ್ತದೆ ಬಿಡಿ. ನನ್ನ ದೊಡ್ಡ ಮಗಂದೂ ಹಿಂಗೇ ಇತ್ತು.”

ಆ ಮಗ ಈಗ ಆರಡಿ ಎತ್ತರ ಬೆಳೆದು ಶಿವಾಜಿನಗರದಲ್ಲಿ ಅಂಗಡಿ ನಡೆಸುತ್ತಿರುವುದನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಬೇಸಿನ್ನಿನ ತಳದಲ್ಲಿ ಮರಳು ಕಂಡಿತು. ಮರಳು ಕಂಡು ಇಷ್ಟು ಹಿಗ್ಗಿದವರು ಮನೆ ಕಟ್ಟಿಸುವವರಲ್ಲೂ ಇರಲಾರರು. ಆಪಾ ಮನೆಯಿಂದ ಒಂದು ಬಟ್ಟಲು ಖೀರು ಬಂತು. “ಅವನಿಗಲ್ಲ, ನಿಮಗೆ,” ಎಂದು ಎಚ್ಚರಿಕೆಯೂ ಬಂತು.

ಸರಿ, ಇನ್ನು ಹಾಸುವುದೇನು? ಟರ್ಕಿ ಟವೆಲ್ಲಿನ ಎಳೆಗೆ ಅವನ ಉಗುರು ಸಿಕ್ಕಿಕೊಂಡಿತು. ದಿನಪತ್ರಿಕೆಯಿಂದ ಅಪಾಯವಿರಲಿಲ್ಲ, ಆದರೆ ಓಡಿದಾಗೆಲ್ಲ ಮುದುರಿ ಅವನ ಮೇಲೇ ಬೀಳುತ್ತಿತ್ತು. ಕೊನೆಗೆ ಅಡುಗೆಮನೆಯ ಶೆಲ್ಫಿಗೆ ತಂದು ಉಳಿದಿದ್ದ ಕಡಪಾ ಕಲ್ಲಿನ ತುಂಡನ್ನು ಒರಟು ಮೈ ಮೇಲಾಗಿ ಇಟ್ಟೆ. ನುಂಗಲಾಗದು, ಜಾರದು, ಅವನನ್ನು ಬೆಚ್ಚಗಿಡಲು ಪೆಟ್ಟಿಗೆಗೆ ಹಾಕಿದ್ದ ಬಲ್ಬಿನ ಶಾಖವನ್ನು ಹಿಡಿದಿಡುತ್ತದೆ.

“ಇಷ್ಟೇನಾ? ಪಾಪ, ಖಾಲಿ ಕಲ್ಲು,” ಎಂದರು ಆಪಾ.

ನನಗೂ ಹಾಗೇ ಅನ್ನಿಸಿತ್ತು. ಆದರೆ ದೊರೆ ಹುಟ್ಟಿದ್ದೇ ಯಾವುದೋ ಗಾಜಿನ ಪೆಟ್ಟಿಗೆಯಲ್ಲಿ. ಮರುಭೂಮಿ ಇದ್ದದ್ದು ಅವನ ನೆನಪಿನಲ್ಲಲ್ಲ, ನನ್ನ ಪಠ್ಯಪುಸ್ತಕದಲ್ಲಿ. ಅವನು ಹೊಟ್ಟೆಯನ್ನು ಬೆಚ್ಚಗಿನ ಕಲ್ಲಿಗೆ ಒತ್ತಿ, ಕಾಲು ಚಾಚಿ, ಕಣ್ಣು ಮುಚ್ಚಿದ.

ಶಾಲಿನಿ ಈಗಲೂ ಉಪ್ಪಿಟ್ಟು ತಿನ್ನುವ ಮೊದಲು, “ಯಾವ ಜರಡಿ ಅಮ್ಮಾ?” ಎನ್ನುತ್ತಾಳೆ. ನಾನು ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ದೊರೆಯನ್ನು ಪೆಟ್ಟಿಗೆಯೊಳಗೆ ಬಿಡುವ ಮೊದಲು, ಕಲ್ಲಿನ ಮೇಲೆ ಒಮ್ಮೆ ಅಂಗೈ ಇಟ್ಟು ನೋಡುತ್ತೇನೆ.