ಹುಳು ತಿಂದ ತೂತಿನ ಜಾಡು ಹಿಡಿದು

ಬೆಳಗಿನ ಆರೂವರೆ. ವಿಶ್ವವಿದ್ಯಾಲಯದಲ್ಲಿ ಇನ್ನೂ ನರಪಿಳ್ಳೆಯ ಸುಳಿವಿಲ್ಲ. ಇತಿಹಾಸ ವಿಭಾಗದ ದಾಖಲೆ ಕೋಣೆಯ ಕಿಟಕಿ ಮಾತ್ರ ತೆರೆದಿದೆ. ಅಟೆಂಡರ್ ಹೆಂಗಸೊಬ್ಬರು ಎರಡು ಹಳೆಯ ಹಾಳೆಗಳನ್ನು ಜೋಡಿಸಿ ಬೆಳಕಿಗೆ ಹಿಡಿದು, ಹುಳು ತಿಂದ ತೂತುಗಳು ಒಂದಕ್ಕೊಂದು ಕೂಡುತ್ತವೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಕೂಡಿದರೆ ಒಂದು ‘ಹ್ಞೂಂ’. ಕೂಡದಿದ್ದರೆ ಹುಳುವಿಗೆ ಬೈಗುಳ.

ಎಲ್ಲರ ಬಾಯಲ್ಲೂ ಇವರು ‘ಕಡತದಕ್ಕ’. ಏಳನೇ ಕ್ಲಾಸಿಗೆ ಓದು ಬಿಟ್ಟು ಕಸ ಗುಡಿಸಲು ಬಂದವರು ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದಾರೆ. ದಿನಕ್ಕೆ ನಲವತ್ತು ಕಟ್ಟು ಇಳಿಸಿ, ಧೂಳು ಕೊಡವಿ, ಮತ್ತೆ ಏರಿಸುತ್ತಾರೆ. ಅಚ್ಚುಕಟ್ಟೆಂದರೆ ಪ್ರಾಣ. ಅದೇ ಮುಳುವಾಯಿತು ನೋಡಿ!

ಹೋದ ವರ್ಷ ಹಳೆಯ ಪುರಸಭೆಯ ಕಟ್ಟೊಂದರ ದಾರ ಕಿತ್ತುಬಂತು. ಮುನ್ನೂರ ಹನ್ನೆರಡು ಹಾಳೆ, ಹೆಚ್ಚಿನವಕ್ಕೆ ತಾರೀಖಿಲ್ಲ. ಅಕ್ಕ ದೊಡ್ಡದು ಕೆಳಗೆ, ಸಣ್ಣದು ಮೇಲೆ ಎಂದು ಚೆಂದವಾಗಿ ಜೋಡಿಸಿಟ್ಟರು. ಆ ಕಟ್ಟನ್ನೇ ನಂಬಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ ಬಿಚ್ಚಿ ನೋಡಿ, “ಕ್ರಮವೇ ಹೋಯ್ತಲ್ಲಕ್ಕ!” ಎಂದಳು. ಯಾವ ಕಾಗದದ ಹಿಂದೆ ಯಾವುದು ಬಂತು ಎನ್ನುವುದೇ ಅವಳಿಗಿದ್ದ ಸಾಕ್ಷಿ. ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ವಿಭಾಗದ ಮೇಷ್ಟ್ರು ಅಕ್ಕನನ್ನು ಬೈಯಲಿಲ್ಲ.

“ಬೈದಿದ್ರೆ ಚೆನ್ನಾಗಿರ್ತಿತ್ತು. ಮೂರು ದಿನ ಊಟ ಸೇರ್ಲಿಲ್ಲ ನಂಗೆ,” ಎನ್ನುತ್ತಾರೆ ಅಕ್ಕ.

ದಾರಿ ತೋರಿಸಿದ್ದು ಹುಳು. ಕಟ್ಟಿನೊಳಗೆ ಅದು ಕೊರೆಯುತ್ತ ಹೋದ ತೂತು ಅಕ್ಕಪಕ್ಕದ ಹಾಳೆಗಳಲ್ಲಿ ಒಂದೇ ಜಾಗಕ್ಕೆ ಬರಬೇಕಲ್ಲ! ಅಲ್ಲಿಂದ ಹದಿನಾಲ್ಕು ತಿಂಗಳು, ಕೆಲಸಕ್ಕೆ ಮುಂಚಿನ ಎರಡು ಗಂಟೆ ಇದಕ್ಕೇ ಮೀಸಲು. ಇನ್ನು ಉಳಿದಿರುವುದು ಏಳೇ ಹಾಳೆ.

ಅಷ್ಟಕ್ಕೂ ಆ ಕಟ್ಟಿನಲ್ಲಿ ಏನಿದೆ? ಒಂದು ಬೀದಿಯ ಹೆಂಗಸರು ಜಗಳ ತೆಗೆದಿದ್ದಕ್ಕೇ ಅಲ್ಲಿನ ನೀರಿನ ನಲ್ಲಿ ಮುಚ್ಚಿಸಿದೆವು ಎಂದು ಪುರಸಭೆಯವರು ಬರೆದಿಟ್ಟಿದ್ದರು, ಊರೂ ಅದನ್ನೇ ನಂಬಿತ್ತು. ಹಾಳೆಗಳು ಸಾಲಾಗಿ ನಿಂತ ಮೇಲೆ ತಿಳಿದದ್ದೇ ಬೇರೆ. ಮೊದಲು ನಲ್ಲಿ ಮುಚ್ಚಿತು, ಆಮೇಲೆ ನೀರು ಬಿಡಿ ಎಂದು ಆ ಹೆಂಗಸರು ಹೆಬ್ಬೆಟ್ಟೊತ್ತಿದ ಮೂರು ಅರ್ಜಿ ಬಂದವು. ಜಗಳ ಆದದ್ದು ಕಟ್ಟಕಡೆಗೆ.

ಇತಿಹಾಸ ಓದಿದರೆ ಹೊಟ್ಟೆ ತುಂಬುತ್ತಾ ಎಂದು ಅಕ್ಕನ ಭಾವ ಸದಾ ಕಾಲೆಳೆಯುತ್ತಾರಂತೆ. ಈಗ ಅಕ್ಕನ ಬಳಿ ಉತ್ತರವಿದೆ: “ಸತ್ತೋರು ಎದ್ದು ಬಂದು, ತಪ್ಪು ನಮ್ದಲ್ಲ ಅಂತ ಹೇಳೋಕಾಗಲ್ಲ ಭಾವ. ಅವರ ಪರವಾಗಿ ಯಾರಾದ್ರೂ ಕೂತು ಓದ್ಬೇಕು ತಾನೆ?”

ಪ್ರಬಂಧದ ಮೊದಲ ಪುಟದಲ್ಲೇ ಅಕ್ಕನಿಗೆ ಕೃತಜ್ಞತೆ ಹೇಳುತ್ತೇನೆಂದು ಹುಡುಗಿ ಹಟ ಹಿಡಿದಿದ್ದಾಳೆ. ಅಕ್ಕ ಕೇಳಿಕೊಳ್ಳುವುದು ಇಷ್ಟೇ:

“ಹೆಸರು ಹಾಕೋದಾದ್ರೆ ಹಾಕು. ಆದ್ರೆ ಕಟ್ಟು ಕೆಡಿಸಿದ್ದೂ ನಾನೇ ಅಂತ ಬರಿ ಮಗಳೇ. ಅದನ್ನ ಮುಚ್ಚಿಟ್ರೆ ನಂಗೂ ಆ ಪುರಸಭೆಯೋರಿಗೂ ಏನು ವ್ಯತ್ಯಾಸ?”