ಹದಿನಾಲ್ಕು ಹೆಚ್ಚುವರಿ ಮತಗಳು

2004ರಲ್ಲಿ ನಾನು ಚೆನ್ನೈನ ಎಗ್ಮೋರ್‌ನಲ್ಲಿ ಒಂದು ವಿಮಾ ಕಂಪನಿಯ ಆಡಳಿತಾಧಿಕಾರಿಯಾಗಿದ್ದೆ. ಹುಟ್ಟೂರು ಮಂಡ್ಯ, ಮನೆ ಅಡ್ಯಾರ್, ನೌಕರಿಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಚುನಾವಣೆ ಬಂತೆಂದರೆ ಬ್ಯಾಂಕು, ವಿಮೆ, ರೈಲ್ವೆಯವರನ್ನೆಲ್ಲ ಮತಗಟ್ಟೆಗೆ ಕರೆಸಿಕೊಳ್ಳುವುದು ವಾಡಿಕೆ. ಆ ಮೇ ತಿಂಗಳ ಲೋಕಸಭಾ ಚುನಾವಣೆಗೆ ಪಲ್ಲಾವರಂನ ಒಂದು ಮತಗಟ್ಟೆಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿದರು. ಅಂದರೆ ಅಲ್ಲಿ ಏನೇ ಹೆಚ್ಚುಕಡಿಮೆಯಾದರೂ ತಲೆ ಕೊಡಬೇಕಾದವಳು ನಾನು. ಹಿಂದೆ ನಾಲ್ಕು ಸಲ ಈ ಕೆಲಸ ಮಾಡಿದ್ದೆನಾದರೂ ಅದೆಲ್ಲ ಕಾಗದದ ಮತಪತ್ರ, ತಗಡಿನ ಪೆಟ್ಟಿಗೆಯ ಕಾಲ. ವಿದ್ಯುನ್ಮಾನ ಮತಯಂತ್ರ ನನ್ನ ಕೈಗೆ ಬಂದದ್ದು ಅದೇ ಮೊದಲು. ತರಬೇತಿಯಲ್ಲಿ ನಾನು ಕೂತಿದ್ದು ‘ಇದೇನು ಮಹಾ’ ಎಂಬ ಗತ್ತಿನಲ್ಲಿ.

ಮತಗಟ್ಟೆ ಇದ್ದದ್ದು ಒಂದು ಖಾಸಗಿ ಶಾಲೆಯಲ್ಲಿ. ಶಾಲೆ ನಡೆಸುವವರನ್ನು ಅಲ್ಲಿ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಈ ಶಾಲೆಯ ಕರೆಸ್ಪಾಂಡೆಂಟ್ ಷಣ್ಮುಗಂ. ಶಾಲೆ ಅವರ ಹೆಂಡತಿಯ ಹೆಸರಿನಲ್ಲಿತ್ತು. ಷಣ್ಮುಗಂ ನಗರಸಭೆಯ ಕೌನ್ಸಿಲರ್, ಕಣದಲ್ಲಿದ್ದ ಪ್ರಮುಖ ಅಭ್ಯರ್ಥಿಯೊಬ್ಬರ ಭಾವಮೈದುನ, ಸಾಲದ್ದಕ್ಕೆ ನನ್ನ ಮತಗಟ್ಟೆಯಲ್ಲಿ ಅದೇ ಅಭ್ಯರ್ಥಿಯ ಪೋಲಿಂಗ್ ಏಜೆಂಟ್. ಕಟ್ಟಡ ಅವರದು, ಅಭ್ಯರ್ಥಿ ಅವರ ಭಾವ, ಕಾವಲು ಕೂರುವವರೂ ಅವರೇ. ಇನ್ನು ಕೊಳ್ಳದೆ ಉಳಿದದ್ದು ನಾನೊಬ್ಬಳು. ಹಿಂದಿನ ಸಂಜೆಯೇ ವಲಯಾಧಿಕಾರಿಗೆ ಲಿಖಿತ ಆಕ್ಷೇಪ ಕೊಟ್ಟೆ. ದಾಖಲೆಯಲ್ಲಿ ಕಟ್ಟಡ ಹೆಂಡತಿಯ ಹೆಸರಿನಲ್ಲಿದೆ, ಈಗ ಬದಲಾಯಿಸಲು ಸಮಯವಿಲ್ಲ ಎಂದು ಅವರು ಕೈಚೆಲ್ಲಿದರು. ಮತಕೋಣೆಯ ಗೋಡೆಯಲ್ಲಿ ಆ ಅಭ್ಯರ್ಥಿ ಉದ್ಘಾಟಿಸಿದರೆಂಬ ಕಲ್ಲಿನ ಫಲಕವಿತ್ತು. ಅದಕ್ಕೆ ವೃತ್ತಪತ್ರಿಕೆ ಅಂಟಿಸಿದೆ. ಷಣ್ಮುಗಂ ಕಳಿಸಿದ ಪೊಂಗಲ್ ವಾಪಸ್ ಕಳಿಸಿ, ನನ್ನ ಸಹಾಯಕ್ಕಿದ್ದ ಶ್ರೀಧರನಿಗೆ ಮೂಲೆಯಂಗಡಿಯಿಂದ ಇಡ್ಲಿ ತರಲು ಹೇಳಿದೆ. ಶ್ರೀಧರ ಬ್ಯಾಂಕಿನವನು, ಎರಡು ತಲೆಮಾರಿನಿಂದ ಚೆನ್ನೈನಲ್ಲಿರುವ ಹಾಸನದ ಮನೆತನದವನು. ‘ಸೂಡಾಗಿ, ಬಿಸಿಬಿಸಿ ಬಂದಿದ್ದ ಪೊಂಗಲ್ ಮೇಡಂ’ ಎಂದು ಗೊಣಗುತ್ತಲೇ ಹೋದ.

ಮತದಾನಕ್ಕೆ ಮುಂಚೆ ಏಜೆಂಟರ ಎದುರು ‘ಮಾಕ್ ಪೋಲ್’ ಎಂಬ ಅಣಕು ಮತದಾನ ನಡೆಸಬೇಕು. ಮೊದಲು ಯಂತ್ರದಲ್ಲಿ ಸೊನ್ನೆ ಇದೆಯೆಂದು ತೋರಿಸುವುದು, ಎಲ್ಲ ಅಭ್ಯರ್ಥಿಗಳಿಗೂ ಒಂದೆರಡು ಮತ ಒತ್ತಿಸುವುದು, ಫಲಿತಾಂಶ ತೋರಿಸುವುದು, ಆಮೇಲೆ ‘ಕ್ಲಿಯರ್’ ಗುಂಡಿ ಒತ್ತಿ ಆ ಮತಗಳನ್ನು ಅಳಿಸಿ ಮುದ್ರೆ ಹಾಕುವುದು. ನಮ್ಮಲ್ಲಿ ಏಳು ಅಭ್ಯರ್ಥಿಗಳು, ತಲಾ ಎರಡರಂತೆ ಹದಿನಾಲ್ಕು ಮತ ಬಿದ್ದವು. ಫಲಿತಾಂಶವೂ ಸರಿಯಾಗಿ ಬಂತು. ಅಷ್ಟರಲ್ಲಿ ಷಣ್ಮುಗಂ ಫಲಕದ ಮೇಲಿನ ಪೇಪರ್ ನೋಡಿ ಕೂಗಾಡಲು ಶುರುಮಾಡಿದರು. ನನಗೂ ಮೈ ಉರಿಯಿತು, ನಾನೂ ಬಿಡಲಿಲ್ಲ. ಬಾಯಿ ಜಗಳವಾಡುತ್ತಿತ್ತು, ಕೈ ಮುದ್ರೆ ಹಾಕುತ್ತಿತ್ತು. ಪೆಟ್ಟಿಗೆಯ ಕಾಲದಲ್ಲಿ ಖಾಲಿ ಪೆಟ್ಟಿಗೆ ತೋರಿಸಿದ ಮೇಲೆ ಉಳಿಯುತ್ತಿದ್ದದ್ದು ಮುದ್ರೆಯೊಂದೇ. ಮೊದಲೇ ಸೊನ್ನೆ ತೋರಿಸಿದ್ದೇನಲ್ಲ ಎಂದು ನನ್ನ ಹಳೆಯ ಅಭ್ಯಾಸ ಸುಮ್ಮನಾಗಿಬಿಟ್ಟಿತ್ತು. ಕ್ಲಿಯರ್ ಗುಂಡಿ ನಾನು ಒತ್ತಲೇ ಇಲ್ಲ.

ಏಳು ಗಂಟೆಗೆ ಮತದಾನ ಶುರುವಾಯಿತು. ಒಂಬತ್ತಕ್ಕೆ ಲೆಕ್ಕ ಕಳಿಸಬೇಕಿತ್ತು. ಮತದಾರರು ಸಹಿ ಹಾಕುವ ರಿಜಿಸ್ಟರಿನಲ್ಲಿ 131 ಇತ್ತು. ಯಂತ್ರದ ‘ಟೋಟಲ್’ ಗುಂಡಿ ಒತ್ತಿದೆ. 145 ಎಂದು ತೋರಿಸಿತು. ಮತ್ತೆ ಒತ್ತಿದರೂ ಅದೇ. ಮನಸ್ಸಿನಲ್ಲೇ ಕಳೆದೆ: ವ್ಯತ್ಯಾಸ ಹದಿನಾಲ್ಕು, ಅಳಿಸದೆ ಬಿಟ್ಟ ಅಣಕು ಮತಗಳಷ್ಟೇ. ಕ್ಲಿಯರ್ ಗುಂಡಿ ಈಗ ಮುದ್ರೆಯ ಒಳಗೆ. ಮುದ್ರೆ ಒಡೆದು ಒತ್ತಿದರೆ ಜನ ಹಾಕಿದ 131 ನಿಜವಾದ ಮತಗಳೂ ಅಳಿಸಿಹೋಗುತ್ತವೆ.

ಶ್ರೀಧರ ಇಣುಕಿ ನೋಡಿ ಬಿಳಿಚಿಕೊಂಡ. “ಮೇಡಂ, ಸಸ್ಪೆಂಡ್ ಮಾಡ್ಬಿಡ್ತಾರೆ ಮೇಡಂ. ಮುಂದಿನ ತಿಂಗಳು ನಿಮ್ಮ ಪ್ರಮೋಷನ್ ಇಂಟರ್‌ವ್ಯೂ ಬೇರೆ ಇದೆ. ಸುಮ್ನಿರಿ, ಸಾಯಂಕಾಲ ನೋಡ್ಕೊಳೋಣ” ಎಂದು ಪಿಸುಗುಟ್ಟಿದ. ಸುಮ್ಮನಿದ್ದುಬಿಡೋಣ ಎಂದು ನನಗೂ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮಿಬ್ಬರ ಮುಖ ನೋಡಿಯೇ ಷಣ್ಮುಗಂಗೆ ವಿಷಯ ಹೊಳೆದಿತ್ತು. ಬೆಳಿಗ್ಗೆ ನಾನು ಗುಂಡಿ ಮರೆತದ್ದನ್ನು ಅವರು ಆಗಲೇ ಕಂಡಿದ್ದರೋ ಏನೋ, ಇವತ್ತಿಗೂ ನನಗೆ ಅನುಮಾನ. ವರಾಂಡಕ್ಕೆ ಕರೆದು, ಜಗಳವೇ ಆಗಿಲ್ಲವೆಂಬಂತೆ ಮೆತ್ತಗೆ ತಮಿಳಿನಲ್ಲಿ ಮಾತಾಡಿದರು. “ಮೇಡಂ, ಈ ಪಟ್ಟಿಯಲ್ಲಿ ಊರುಬಿಟ್ಟು ಹೋದವರೇ ನಲವತ್ತು ಜನ ಇದ್ದಾರೆ. ಹದಿನಾಲ್ಕು ಹೆಸರಿಗೆ ನಮ್ಮ ಹುಡುಗರ ಕೈಲಿ ಸಹಿ ಹಾಕಿಸ್ತೀನಿ. ಪುಸ್ತಕ, ಮೆಷಿನ್ ಎರಡೂ ಸರಿಹೋಗುತ್ತೆ. ಎಲ್ಲರಿಗೂ ಎರಡೆರಡೇ ಓಟು, ಯಾರಿಗೂ ನಷ್ಟ ಇಲ್ಲ. ನಿಮ್ಮ ನೌಕರಿ ಉಳಿಯುತ್ತೆ.”

ಮಾತು ಎಷ್ಟು ನುಣುಪಾಗಿತ್ತೆಂದರೆ ಒಂದು ಕ್ಷಣ ನ್ಯಾಯವೆಂದೇ ಕೇಳಿಸಿತು. ಆದರೆ ವಿಮೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳಿಗೆ ಒಂದು ವಿಷಯ ಗೊತ್ತಿರುತ್ತದೆ: ಪುಕ್ಕಟೆ ಸಹಾಯ ಮಾಡುವವರು ಮಧ್ಯಾಹ್ನದ ಹೊತ್ತಿಗೆ ಮತ್ತೆ ಬರುತ್ತಾರೆ. ಈಗ ಹದಿನಾಲ್ಕು ಕಳ್ಳ ಸಹಿಗೆ ತಲೆಯಾಡಿಸಿದರೆ, ಉಳಿದ ಇಪ್ಪತ್ತಾರು ಹೆಸರಿಗೆ ಓಟು ಹಾಕಲು ಅವರ ಹುಡುಗರು ಬಂದಾಗ ನಾನು ಯಾವ ಬಾಯಿಂದ ಬೇಡವೆನ್ನಲಿ? ತಪ್ಪು ನನ್ನದು, ಸರಿ. ಅದನ್ನು ಇವರ ಜೇಬಿಗೆ ಹಾಕಿ ಕೂರಲು ನಾನು ತಯಾರಿರಲಿಲ್ಲ.

ಒಳಗೆ ಬಂದು ಸಾಲನ್ನು ಐದು ನಿಮಿಷ ನಿಲ್ಲಿಸಿ, ಅಲ್ಲಿ ಕೂತಿದ್ದ ಮೂವರೂ ಏಜೆಂಟರನ್ನು ಮೇಜಿನ ಹತ್ತಿರ ಕರೆದು ನಡೆದದ್ದನ್ನು ಇದ್ದಹಾಗೆ ಹೇಳಿದೆ. ಎದುರು ಪಕ್ಷದ ಏಜೆಂಟ್ ಮುನುಸಾಮಿ, ಅದೇ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅರವತ್ತರ ಮನುಷ್ಯ. ಯಾವ ಗುಂಡಿ ಒತ್ತಿದರೂ ಈ ಮೆಷಿನ್ ಒಬ್ಬರಿಗೇ ಹಾಕುತ್ತದೆ ಎಂದು ಬೆಳಿಗ್ಗೆಯಿಂದ ವಾದಿಸುತ್ತಿದ್ದವರು ಈಗ ಎದ್ದೇ ನಿಂತರು. ನಾನು ಹೇಳಲಿಲ್ಲವಾ, ಎಲ್ಲ ಮೋಸ ಎಂದು ಬೀದಿಗೆ ಕೇಳುವಂತೆ ಕೂಗಿದರು.

“ಮೋಸ ಮಾಡಿದ್ದು ಮೆಷಿನ್ ಅಲ್ಲ ಅಣ್ಣಾ, ಮರೆತದ್ದು ನಾನು. ನೀವು ಬೆಳಿಗ್ಗೆ ಒತ್ತಿದ್ದನ್ನು ಅದು ಬಿಡದೆ ಇಟ್ಟುಕೊಂಡಿದೆ. ನಿಮ್ಮ ಪಟ್ಟಿಯಲ್ಲಿ ಎಷ್ಟು ಗುರುತಿದೆ, ಎಣಿಸಿ.”

ಬಂದವರ ಹೆಸರಿಗೆ ಗುರುತು ಹಾಕಿಕೊಳ್ಳುವುದು ಏಜೆಂಟರ ಪದ್ಧತಿ. ಮುನುಸಾಮಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಎರಡು ಸಲ ಎಣಿಸಿದರು. ಎರಡು ಸಲವೂ 131 ಬಂತು. ಹಾಗಾದರೆ ಬರೆದುಕೊಡಿ ಎಂದರು. ಬರೆದೆ. ಪ್ರಿಸೈಡಿಂಗ್ ಆಫೀಸರನ ಡೈರಿಯಲ್ಲಿ ನನ್ನ ತಪ್ಪನ್ನು ಬರೆದೆ, ಅದರ ಕೆಳಗೆ ವರಾಂಡದಲ್ಲಿ ಷಣ್ಮುಗಂ ಮುಂದಿಟ್ಟ ಮಾತನ್ನೂ ಬರೆದೆ. ಇಬ್ಬರು ಏಜೆಂಟರು ಸಹಿ ಹಾಕಿದರು. ಷಣ್ಮುಗಂ ಓದಿ ಕೆಂಡವಾದರು, ಸಹಿ ಹಾಕಲಿಲ್ಲ. ‘ಸಹಿ ನಿರಾಕರಿಸಿದರು’ ಎಂದು ಅದನ್ನೂ ಸೇರಿಸಿದೆ.

ವಲಯಾಧಿಕಾರಿ ಜೀಪಿನಲ್ಲಿ ಬಂದು ಎಲ್ಲರೆದುರು ನನ್ನನ್ನು ಚೆನ್ನಾಗಿ ಬೈದರು. ಮತದಾನ ನಡೆಯಲಿ, ವರದಿ ಮೇಲಕ್ಕೆ ಹೋಗಲಿ ಎಂದಾಯಿತು. ಸಂಜೆ ಐದಕ್ಕೆ ರಿಜಿಸ್ಟರಿಗೂ ಯಂತ್ರಕ್ಕೂ ಇದ್ದ ವ್ಯತ್ಯಾಸ ಹದಿನಾಲ್ಕೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಊರುಬಿಟ್ಟ ನಲವತ್ತು ಜನರಲ್ಲಿ ಒಬ್ಬರ ಹೆಸರಿಗೂ ಮತ ಬಿದ್ದಿಲ್ಲವೆಂದು ಮುನುಸಾಮಿ ತಮ್ಮ ಪಟ್ಟಿ ನೋಡಿ ಹೇಳಿದರು. ಎರಡು ದಿನದ ಮೇಲೆ ಮರುಮತದಾನವಾಯಿತು. ಈ ಸಲ ಷಣ್ಮುಗಂ ಶಾಲೆಯಲ್ಲಲ್ಲ, ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ. ಹಿಂದಿನ ಸಂಜೆ ಆಗದು ಎಂದಿದ್ದ ಬದಲಾವಣೆ ಈಗ ಸುಲಭವಾಗಿ ಆಗಿತ್ತು. ನನ್ನನ್ನು ಅಲ್ಲಿಗೆ ಹಾಕಿರಲಿಲ್ಲ; ಮುನುಸಾಮಿ ಸಾಲಿನಲ್ಲಿ ಮೊದಲು ನಿಂತಿದ್ದರೆಂದು ಶ್ರೀಧರ ಹೇಳಿದ.

ನನ್ನ ಮೇಲೆ ಕರ್ತವ್ಯಲೋಪದ ವಿಚಾರಣೆ ನಡೆಯಿತು. ತಪ್ಪನ್ನು ಮೊದಲ ನಿಮಿಷದಲ್ಲೇ ಒಪ್ಪಿಕೊಂಡೆ. ವಿಚಾರಣಾಧಿಕಾರಿ ಒಳ್ಳೆಯವರು, ನನ್ನನ್ನು ಉಳಿಸಲು ನೋಡಿದರು. ಕೌನ್ಸಿಲರ್ ವಿಷಯದ ಪ್ಯಾರಾ ಹಿಂದಕ್ಕೆ ತೆಗೆದುಕೊಂಡರೆ ಬಾಯಿಮಾತಿನ ಎಚ್ಚರಿಕೆಯಲ್ಲಿ ಮುಗಿಸಬಹುದು, ಮೇಲಿನಿಂದ ಫೋನ್ ಬರುತ್ತಿದೆ ಎಂದರು.

“ನನ್ನ ತಪ್ಪಿಗೆ ಏನು ಶಿಕ್ಷೆಯೋ ಕೊಡಿ ಸಾರ್. ಅವರ ಬಗ್ಗೆ ಬರೆದ ಸಾಲನ್ನು ನಾನು ಅಳಿಸಲ್ಲ” ಎಂದೆ.

ಕೊಟ್ಟರು. ಲಿಖಿತ ಛೀಮಾರಿ. ಆ ವರ್ಷದ ಬಡ್ತಿ ತಪ್ಪಿತು, ನನಗಿಂತ ಆರು ವರ್ಷ ಕಿರಿಯಳು ನನ್ನ ಮೇಲಧಿಕಾರಿಯಾದಳು. ಮನೆಗೆ ಬಂದು ಅತ್ತದ್ದೂ ಉಂಟು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮತಯಂತ್ರವನ್ನು ನಂಬಬಹುದೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಸುಮ್ಮನೆ ನಂಬಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮುನುಸಾಮಿಯಂತೆ ಅನುಮಾನಪಡಿ, ಅವರಂತೆಯೇ ಕೂತು ಗೀಟು ಹಾಕಿ ಎಣಿಸಿ. ಅದರ ಜೊತೆಗೆ ಯಂತ್ರ ಇಟ್ಟಿರುವ ಕೋಣೆ ಯಾರದು, ಪಕ್ಕದಲ್ಲಿ ಕೂತವರು ಯಾರ ನೆಂಟರು ಎಂದೂ ಕೇಳಿ. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು: ತಪ್ಪು ಮಾಡಿದವರು ತಾವೇ ಬಾಯಿಬಿಡದಿದ್ದರೆ, ಅದನ್ನು ಬಚ್ಚಿಡಲು ನೆರವಾದವರು ಅವರನ್ನು ಕೊಂಡುಕೊಳ್ಳುತ್ತಾರೆ.

ನಿವೃತ್ತಿಗೆ ಮುಂಚೆ ಆ ಛೀಮಾರಿಯನ್ನು ಸರ್ವಿಸ್ ಬುಕ್ಕಿನಿಂದ ತೆಗೆಸಲು ಅರ್ಜಿ ಹಾಕಿ ಎಂದು ಕಚೇರಿಯವರೇ ಹೇಳಿದರು. ಹಾಕಲಿಲ್ಲ. ಆ ಹಾಳೆ ಕಿತ್ತರೆ ಪಲ್ಲಾವರಂನಲ್ಲಿ ಆ ದಿನ ಏನೂ ನಡೆಯಲೇ ಇಲ್ಲ ಎಂದಾಗುತ್ತದೆ. ನಡೆದಿತ್ತು. ನಾನೇ ಮಾಡಿದ್ದೆ, ನಾನೇ ಹೇಳಿದ್ದೆ.