ಸಾಹೇಬರು ಹೇಳದ ಮಾತು

ನನ್ನ ಗಂಡ ತೋಪಖಾನೆಯ ಒಂದು ರೆಜಿಮೆಂಟಿಗೆ ಕಮಾಂಡರ್ ಆಗಿದ್ದವರು. ಹುಮನಾಬಾದಿನಲ್ಲಿ ಈ ಮಾತು ಹೇಳಿದರೆ ಜನ ಮೊದಲು ಕೇಳುವುದು, ಮಿಲಿಟರಿ ಕ್ಯಾಂಟೀನಿನ ಸಾಮಾನು ಈಗಲೂ ಸಿಗುತ್ತದೆಯೇ ಎಂದು. ಯುದ್ಧದ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳುತ್ತಿದ್ದವಳು ಒಬ್ಬಳೇ, ಮುಡಬಿ ಎಂಬ ಹಳ್ಳಿಯವಳು.

ಅವಳ ಗಂಡ ಇವರ ರೆಜಿಮೆಂಟಿನಲ್ಲಿ ಸಿಪಾಯಿ. ನಮ್ಮ ಸೀಮೆಯ ಹುಡುಗನೆಂದು ಇವರಿಗೆ ಅವನ ಮೇಲೆ ಕೊಂಚ ಹೆಚ್ಚೇ ಅಕ್ಕರೆ. ಯುದ್ಧ ಶುರುವಾದಾಗ ಇವರೇ ಅವನನ್ನು ಹಿಮದ ಗುಡ್ಡದ ತುದಿಯ ಚೌಕಿಗೆ ಕಳಿಸಿದರು. ತೋಪುಗಳು ಕೆಳಗೆ ಇರುತ್ತವೆ. ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ನೋಡಿ ವೈರ್‌ಲೆಸ್‌ನಲ್ಲಿ ಹೇಳುವುದು ಆ ಚೌಕಿಯವರ ಕೆಲಸ. ಒಂದು ಮಧ್ಯಾಹ್ನ ವೈರಿಯ ಗುಂಡು ಬಿದ್ದು ಚೌಕಿಯೂ ಹಿಮವೂ ಒಟ್ಟಿಗೆ ಕಣಿವೆಗೆ ಕುಸಿದವು. ಬೇರೆ ದಿಬ್ಬದಿಂದ ದುರ್ಬೀನಿನಲ್ಲಿ ನೋಡುತ್ತಿದ್ದ ನನ್ನ ಗಂಡನಿಗೆ ಕಂಡದ್ದು ಹೊಗೆ ಮಾತ್ರ. ಉಳಿದವರ ಹೆಣಗಳು ಸಿಕ್ಕವು. ಅವನದು ಸಿಗಲಿಲ್ಲ.

ತೋಪಖಾನೆಯವರಿಗೆ ಮೊದಲ ದಿನದಿಂದ ಒಂದು ಪಾಠ ಉರುಹೊಡೆಸುತ್ತಾರಂತೆ: ಗುಂಡು ಬಿದ್ದದ್ದನ್ನು ಕಣ್ಣಾರೆ ಕಂಡರೆ ಮಾತ್ರ ಬಿತ್ತು ಎನ್ನಬೇಕು. ಸದ್ದು ಕೇಳಿ ಊಹೆಯ ಮೇಲೆ ಹೇಳಿದರೆ ಮುಂದಿನ ಗುಂಡು ನಮ್ಮವರ ಮೇಲೇ ಬೀಳಬಹುದು. ಹುಮನಾಬಾದಿನ ಓಣಿಯಲ್ಲಿ ಬುಗುರಿ ಆಡಿಕೊಂಡಿದ್ದವರು ಕರ್ನಲ್ ಆದದ್ದು, ಎದೆಯ ಮೇಲೆ ಪದಕ ಬಂದದ್ದು ಎಲ್ಲ ಈ ಪಾಠದ ಪುಣ್ಯದಿಂದಲೇ. ಮನೆಗೂ ಅದನ್ನೇ ಹೊತ್ತು ತಂದರು. ಹಾಲು ಉಕ್ಕಿತು ಎಂದು ನಾನು ಕೂಗಿದರೆ ಎದ್ದು ಹೋಗಿ ನೋಡಿ ಬಂದು "ಹೌದು, ಉಕ್ಕೇದ" ಎನ್ನುವ ಪುಣ್ಯಾತ್ಮ! ಒಲೆ ಆರಿಸುವುದು ನನ್ನ ಪಾಲಿಗೆ.

ಆ ಸಿಪಾಯಿಯ ವಿಷಯದಲ್ಲೂ ಕಣ್ಮರೆ ಎಂದೇ ಬರೆದು ಕಳಿಸಿದರು. ವರ್ಷಗಳು ಕಳೆದ ಮೇಲೆ ಸರಕಾರ ತನ್ನ ಕಾನೂನಿನಂತೆ ಸತ್ತನೆಂದು ಕಾಗದ ಕೊಟ್ಟಿತು. ಅವಳ ಅತ್ತೆ ಆ ಕಾಗದವನ್ನು ಒಪ್ಪಲಿಲ್ಲ. ಕಾಗದ ಯುದ್ಧಕ್ಕೆ ಹೋಗಿತ್ತೇ, ಹೋಗಿದ್ದವರು ಸಾಹೇಬರು, ಅವರು ಹೇಳಲಿ ಎಂದಳಂತೆ. ಹಾಗಾಗಿ ಮದುವೆಯ ಹೊಸತರಲ್ಲಿ ಗಂಡನನ್ನು ಕಳಿಸಿಕೊಟ್ಟವಳು ತಲೆ ಬೆಳ್ಳಗಾದರೂ ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ಇದ್ದಳು. ಮುತ್ತೈದೆಯೆಂದು ಅವಳನ್ನು ಉಡಿ ತುಂಬಲು ಯಾರೂ ಕರೆಯರು. ಸತ್ತವನಿಗೆ ಮಾಡುವ ಕಾರ್ಯವನ್ನೂ ಯಾರೂ ಮಾಡಲು ಬಿಡರು.

ಇವರು ನಿವೃತ್ತರಾಗಿ ಊರಿಗೆ ಬಂದಮೇಲೆ ಅವಳು ಶ್ರಾವಣ ಬಂತೆಂದರೆ ನಮ್ಮ ಮನೆಗೆ ಬರುತ್ತಿದ್ದಳು. ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಇವರೆದುರು ನೆಲದ ಮೇಲೆ ಕೂರುತ್ತಿದ್ದಳು.

"ಸಾಹೇಬ್ರ, ಒಂದ್ ಮಾತ್ ಹೇಳ್ರಿ. ಹೋಗ್ಯಾನ ಅಂತ ಅನ್ರಿ ಸಾಕು. ನಾ ಒಮ್ಮೆ ಬಾಯಿ ತೆರದು ಅಳಬೇಕಾಗ್ಯಾದ."

"ನಾ ನೋಡಿಲ್ಲ ತಂಗಿ. ನೋಡಲಾರದ್ದು ಹ್ಯಾಂಗ ಹೇಳಲಿ?"

ಅವಳು ಹೋದಮೇಲೆ ನಾನು ಹರಿಹಾಯುತ್ತಿದ್ದೆ. "ಹಿಮದಾಗ ಹುಗದವ ಇಷ್ಟು ವರ್ಷ ಬದುಕ್ತಾನೇನ್ರಿ? ಒಂದ್ ಮಾತಿಗಿ ನಿಮ್ಮ ಗಂಟೇನು ಹೋಗ್ತದ?" ಇವರು ಬೂಟು ಒರೆಸುತ್ತ ಕೂರುತ್ತಿದ್ದರು. ಅದು ಸತ್ಯದ ಹಟವೋ, ತಾವೇ ಕಳಿಸಿದ ಹುಡುಗ ಸತ್ತನೆಂದು ತಮ್ಮ ಬಾಯಿಂದಲೇ ಕೇಳುವ ಹೆದರಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ಆಮೇಲೆ ಲಕ್ವ ಹೊಡೆದು ಇವರ ಮಾತೇ ನಿಂತುಹೋಯಿತು. ಆ ಶ್ರಾವಣದಲ್ಲೂ ಬಂದಳು. ಮಂಚದ ಬಳಿ ಬಗ್ಗಿ, "ತಲಿ ಅಲ್ಲಾಡಸ್ರಿ ಸಾಹೇಬ್ರ, ಅವ್ರು ಹೋಗ್ಯಾರಲ್ಲ?" ಎಂದಳು. ಇವರು ಹೌದೆಂದು ತಲೆಯಾಡಿಸಿದರು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಏಕೆಂದರೆ ಇವರು ಚಹಾ ಬೇಕೇ ಎಂದರೂ ಬೇಡವೇ ಎಂದರೂ ಹಾಗೇ ತಲೆಯಾಡಿಸುತ್ತಿದ್ದರು. ಅವಳಿಗೂ ಅನುಮಾನ ಬಂದಿರಬೇಕು. ಇನ್ನಷ್ಟು ಬಗ್ಗಿ, "ಬದುಕ್ಯಾರೇನ್ರಿ?" ಎಂದಳು. ಇವರು ಅದಕ್ಕೂ ತಲೆಯಾಡಿಸಿದರು.

ಹೋದ ವರ್ಷ ಇವರು ತೀರಿಕೊಂಡರು. ಸುದ್ದಿ ಕೇಳಿ ಅವಳು ಮಣ್ಣು ಮಾಡುವ ಹೊತ್ತಿಗೆ ಬಂದಳು. ಶರಣರ ಊರಿನವರು ನಾವು, ಗಂಡ ಸತ್ತವಳ ಬಳೆ ತೆಗೆಯುವಂಥದ್ದನ್ನೆಲ್ಲ ಮಾಡುವುದಿಲ್ಲ ಎಂದು ಬಾಯಲ್ಲಿ ಹೇಳುವುದೇ ಬಂತು. ನನ್ನ ತವರು ಬಸವಕಲ್ಯಾಣದಿಂದ ಬಂದಿದ್ದ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದೊಯ್ದು ಬಳೆ ತೆಗೆಯತೊಡಗಿದಳು. ನಾನು ಜೋರಾಗಿ ಅಳುತ್ತಿದ್ದೆ. ನೋಡುತ್ತ ನಿಂತಿದ್ದ ಮುಡಬಿಯವಳು ಪಕ್ಕಕ್ಕೆ ಬಂದು ಕುಳಿತು ಅತ್ತಿಗೆಯ ಮುಂದೆ ಎರಡೂ ಕೈ ಚಾಚಿದಳು.

"ನಂದೂ ತಗೀರಿ ಅಕ್ಕಾ."

ಅತ್ತಿಗೆ ಬೆಚ್ಚಿ ಹಿಂದೆ ಸರಿದಳು. "ಏನವಾ ಇದು, ನಿನ್ನ ಗಂಡ ಹೋಗಿದ್ದು ಯಾರ ನೋಡ್ಯಾರ ಅಂತ ತಗೀಲಿ? ಪಾಪ ನನ್ನ ತಲಿಮ್ಯಾಲ ಬ್ಯಾಡ."

ನಾನೇ ತೆಗೆಯುತ್ತೇನೆಂದು ಅವಳ ಮಣಿಕಟ್ಟು ಹಿಡಿದೆ. ಆಗ ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬ್ಯಾಡ್ರಿ ಅಕ್ಕಾರ. ನೀವೂ ನೋಡಿಲ್ಲಲ್ಲ."

ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಸ್ಸಿಗೆ ಹೊರಟಳು. ಅಂಗಳ ದಾಟುವವರೆಗೂ ಆ ಬಳೆಗಳ ಸದ್ದು ಕೇಳುತ್ತಿತ್ತು.